ದುಡಿಮೆಯ ಪತ್ತು: ಕೆಲಸ ಒಪ್ಪುವ ಮುನ್ನ ಕಂಪನಿಯನ್ನು ತೂಗಿ ನೋಡುವ ಬಗೆ

‘ಪತ್ತು’ ಎಂಬ ಪದ ಕನ್ನಡದ ವಿದ್ಯಾರ್ಥಿಗೆ ಎರಡು ಕಡೆ ಎದುರಾಗುತ್ತದೆ. ಹಳಗನ್ನಡ ಕಾವ್ಯದಲ್ಲಿ ಅದು ಸಂಖ್ಯೆ. ಪಕಾರವು ಹಕಾರವಾಗಿ ಮುಂದೆ ‘ಹತ್ತು’ ಆಯಿತು. ಕರ್ನಾಟಕದ ಊರೂರುಗಳ ‘ಪತ್ತಿನ ಸಹಕಾರಿ ಸಂಘ’ಗಳ ನಾಮಫಲಕದಲ್ಲಿರುವ ಪತ್ತು ಬೇರೆ. ಅಲ್ಲಿ ಅದಕ್ಕೆ ಸಾಲ ಪಡೆಯುವ ಯೋಗ್ಯತೆ, ಒಬ್ಬನ ಮಾತಿನ ಮೇಲೆ ಇನ್ನೊಬ್ಬನು ಇಡಬಹುದಾದ ನಂಬಿಕೆ ಎಂದು ಅರ್ಥ. ಮರಾಠಿಯಲ್ಲಿ ಇದನ್ನೇ ‘ಪತ’ ಎನ್ನುತ್ತಾರೆ. ಅಲ್ಲಿಯ ಪತಪೇಢಿಯೇ ಇಲ್ಲಿಯ ಪತ್ತಿನ ಸಂಘ. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಇಂತಹ ಸಂಘವೊಂದು ಹುಟ್ಟಿದಾಗ ಅದರ ಹಿಂದಿದ್ದ ತತ್ತ್ವ ಸರಳವಾಗಿತ್ತು: ಕೊಡುವವನು ಕೊಳ್ಳುವವನ ಪತ್ತನ್ನು ಬಲ್ಲವನಾಗಿರಬೇಕು. ಇಂದು ಭಾಷೆಯನ್ನೇ ನಂಬಿ ಸ್ವತಂತ್ರವಾಗಿ ದುಡಿಯುವ ಪದವೀಧರರು ಮರೆಯುತ್ತಿರುವುದು ಈ ತತ್ತ್ವವನ್ನೇ.

ಕೆರೆಯ ನಡುವಿನ ಅನಂತಪದ್ಮನಾಭ ದೇವಾಲಯದಿಂದ ಹೆಸರಾದ ಅನಂತಪುರ, ಕುಂಬಳೆ ಪರಿಸರದ ವಿದ್ಯಾರ್ಥಿಗೆ ಹುಟ್ಟಿನಿಂದಲೇ ಒಂದು ಬಂಡವಾಳ ದೊರೆತಿರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ತರಗತಿಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ, ಪುಸ್ತಕದಲ್ಲಿ ಇಂಗ್ಲಿಷ್. ಐಚ್ಛಿಕ ಕನ್ನಡ ಓದಿದವರಿಗೆ ಬೆಂಗಳೂರಿನ ಕಂಪನಿಗಳಿಂದ ಅನುವಾದ, ಕರಡು ತಿದ್ದುವಿಕೆ, ಉಪಶೀರ್ಷಿಕೆ, ಪಾಠಸಾಮಗ್ರಿ ರಚನೆಯಂತಹ ಕೆಲಸಗಳು ಮನೆಗೇ ಬರುತ್ತವೆ. ಇವರು ಆ ಕಂಪನಿಗಳ ನೌಕರರಲ್ಲ, ಗುತ್ತಿಗೆಯ ಮೇಲೆ ದುಡಿಯುವ ಸ್ವತಂತ್ರರು. ಸಂಬಳದ ದಿನ, ಭವಿಷ್ಯನಿಧಿ, ನೋಟಿಸಿನ ಅವಧಿ ಯಾವುದೂ ಅವರಿಗಿಲ್ಲ. ಅವರ ಕೈಯಲ್ಲಿರುವುದು ಒಂದು ಬಿಲ್ಲು ಮಾತ್ರ.

ಆ ಬಿಲ್ಲಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅನುವಾದಕಿಯೊಬ್ಬಳು ಪದಕ್ಕೆ 1 ರೂಪಾಯಿಯಂತೆ ದಿನಕ್ಕೆ 2,000 ಪದ, ತಿಂಗಳಿಗೆ 25 ದಿನ ಕೆಲಸ ಮಾಡುತ್ತಾಳೆ ಎಂದಿಟ್ಟುಕೊಂಡರೆ ಅವಳ ತಿಂಗಳ ಗಳಿಕೆ 50,000 ರೂಪಾಯಿ. ತಿಂಗಳ ಕೊನೆಗೆ ಬಿಲ್ಲು, ಆಮೇಲೆ 45 ದಿನಗಳಲ್ಲಿ ಪಾವತಿ ಎಂಬುದು ಕರಾರು. ಮೊದಲ ಹಣ ಬರಬೇಕಾದ ದಿನ ಅವಳು ಎರಡೂವರೆ ತಿಂಗಳು ದುಡಿದಿರುತ್ತಾಳೆ. ಕಂಪನಿಯಿಂದ ಅವಳಿಗೆ ಸಲ್ಲಬೇಕಾದ ಮೊತ್ತ 1,25,000 ರೂಪಾಯಿ ಆಗಿರುತ್ತದೆ. ‘ಮುಂದಿನ ವಾರ ಖಂಡಿತ’ ಎಂಬ ಮಾತನ್ನು ನಂಬಿ ಇನ್ನೊಂದು ತಿಂಗಳು ದುಡಿದರೆ ಅದು 1,75,000ಕ್ಕೆ ಏರುತ್ತದೆ. ಅವಳು ತಾನು ಕೆಲಸ ಮಾಡಿದೆನೆಂದು ಭಾವಿಸಿದ್ದರೂ ವಾಸ್ತವದಲ್ಲಿ ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ ಕಂಪನಿಗೆ ಸಾಲ ಕೊಟ್ಟಿದ್ದಾಳೆ. ಸಾಲ ಕೊಡುವವರು ಕೇಳಬೇಕಾದ ಪ್ರಶ್ನೆಗಳನ್ನು ಅವಳು ಕೇಳಲೇಬೇಕು.

ಈ ಭಾಗದ ಕೃಷಿಕರಿಗೆ ಇದು ಹೊಸ ಪಾಠವಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದರು. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳಗಳೆರಡರ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡು ಕ್ಯಾಂಪ್ಕೊ ಸ್ಥಾಪನೆಯಾಯಿತು. ಧಾರಣೆ ಎಷ್ಟು ಎಂಬುದರಷ್ಟೇ ಕೊಳ್ಳುವವನು ಯಾರು, ಅವನ ನೆಲೆ ಎಷ್ಟು ಗಟ್ಟಿ ಎಂಬುದೂ ಮುಖ್ಯವೆಂದು ಅಡಿಕೆ ಬೆಳೆಗಾರನಿಗೆ ಮನವರಿಕೆಯಾಗಿತ್ತು. ಅವನ ಮೊಮ್ಮಗಳು ಪದಗಳನ್ನು ಮಾರುವಾಗ ಮೊದಲ ಪ್ರಶ್ನೆಯನ್ನಷ್ಟೇ ಕೇಳುತ್ತಾಳೆ.

ಉದ್ಯಮದ ಇಳಿಗಾಲದಲ್ಲಿ ಎರಡನೆಯ ಪ್ರಶ್ನೆಯ ತೂಕ ಹೆಚ್ಚುತ್ತದೆ. ಹಣದ ಹರಿವು ಬತ್ತಿದಾಗ ಕಂಪನಿಯು ಬ್ಯಾಂಕಿನ ಕಂತು, ತೆರಿಗೆ, ಬಾಡಿಗೆ, ಸಂಬಳ ಇವುಗಳನ್ನು ಮೊದಲು ನೋಡಿಕೊಳ್ಳುತ್ತದೆ. ಕೊಡದಿದ್ದರೂ ಸದ್ದು ಮಾಡದವರ ಬಿಲ್ಲು ಕೊನೆಗೆ ಉಳಿಯುತ್ತದೆ. ಇಲ್ಲಿ ಒಂದು ಭ್ರಮೆಗೂ ಅವಕಾಶವಿದೆ. ನೌಕರರನ್ನು ಕಡಿತಗೊಳಿಸಿದ ಕಂಪನಿ ಅದೇ ಕೆಲಸವನ್ನು ಹೊರಗಿನವರಿಗೆ ಹಂಚಬಹುದು. ಆದ್ದರಿಂದ ಧಾರಾಳವಾಗಿ ಕೆಲಸ ಬರುತ್ತಿದೆ ಎಂಬುದು ಕಂಪನಿಯ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಬೆಂಗಳೂರಿನ ‘ಬೈಜೂಸ್’ ಪ್ರಕರಣ ಇದಕ್ಕೆ ತಕ್ಕ ನಿದರ್ಶನ. 2022ರಲ್ಲಿ ಅದರ ಮೌಲ್ಯವನ್ನು 2,200 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಆದರೆ 2021ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕಪತ್ರ ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಮಾರು 2,500 ಮಂದಿಯ ಕಡಿತ ಪ್ರಕಟವಾಯಿತು. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು. ಮೂವರು ನಿರ್ದೇಶಕರೂ ಹೊರನಡೆದರು. 2024ರ ಜುಲೈನಲ್ಲಿ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಗೆ ಬಾಕಿಯಿದ್ದ ಸುಮಾರು 158 ಕೋಟಿ ರೂಪಾಯಿಯ ವಿಷಯದಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಅನುಮತಿ ನೀಡಿತು. ಮೇಲ್ಮನವಿಗಳ ಏರಿಳಿತ ಆಮೇಲಿನದು. ಗಮನಿಸಬೇಕಾದದ್ದು ಕಾಲಕ್ರಮವನ್ನು. ನ್ಯಾಯಮಂಡಳಿಯ ಆದೇಶಕ್ಕೆ ಒಂದು ವರ್ಷಕ್ಕೂ ಮೊದಲೇ ಸೂಚನೆಗಳೆಲ್ಲ ಯಾರು ಬೇಕಾದರೂ ಓದಬಹುದಾದ ಸುದ್ದಿಗಳಾಗಿದ್ದವು.

ಇಂತಹ ಸೂಚನೆಗಳನ್ನು ಓದುವ ಕ್ರಮವು ಗ್ರಂಥಸಂಪಾದನೆಯ ಕ್ರಮವನ್ನು ಹೋಲುತ್ತದೆ. ಮೊದಲು ಕರ್ತೃನಿರ್ಣಯ. ಜಾಹೀರಾತಿನಲ್ಲಿ ಕಾಣುವ ಹೆಸರು ಬೇರೆ, ಕರಾರಿಗೆ ಸಹಿ ಹಾಕುವ ಸಂಸ್ಥೆ ಬೇರೆ ಇರಬಹುದು. ದೊಡ್ಡ ಕಂಪನಿಯ ಹೆಸರು ಹೇಳಿ ಕೆಲಸ ಕೊಡುವ ಮಧ್ಯವರ್ತಿ ಏಜೆನ್ಸಿಯೇ ನಿಜವಾದ ಸಾಲಗಾರನಾಗಿರಬಹುದು. ಕಂಪನಿಯಾದರೆ ಅದಕ್ಕೆ 21 ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದರೊಳಗೇ ನೋಂದಣಿಯ ರಾಜ್ಯ, ವರ್ಷಗಳು ಅಡಗಿವೆ. ಜಿಎಸ್‌ಟಿ ಸಂಖ್ಯೆಗೆ 15 ಸ್ಥಾನ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಕೇರಳಕ್ಕೆ 32, ಮಹಾರಾಷ್ಟ್ರಕ್ಕೆ 27. ಇವನ್ನು ಕೊಡಲು ಹಿಂಜರಿಯುವ ಕಂಪನಿಯ ವಿಷಯದಲ್ಲಿ ಪರಿಶೀಲನೆ ಅಲ್ಲಿಗೇ ಮುಗಿಯಿತು.

ಎರಡನೆಯದು ದಾಖಲೆಗಳ ಓದು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಮೂಲ ವಿವರ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕೊನೆಯ ಆಯವ್ಯಯ ಪಟ್ಟಿಯ ದಿನಾಂಕವನ್ನು ನೋಡಬೇಕು. ಮಾರ್ಚ್‌ಗೆ ಮುಗಿದ ವರ್ಷದ ವಾರ್ಷಿಕ ಸಭೆ ಸೆಪ್ಟೆಂಬರ್ ಒಳಗೆ ನಡೆದು, ಮುಂದಿನ 30 ದಿನಗಳಲ್ಲಿ ಲೆಕ್ಕ ಸಲ್ಲಿಕೆಯಾಗಬೇಕೆಂಬುದು ಸಾಮಾನ್ಯ ನಿಯಮ. ಎರಡು ವರ್ಷ ಹಿಂದಿನ ದಿನಾಂಕವೇ ಅಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಕೇಳಬೇಕು. 100 ರೂಪಾಯಿ ಶುಲ್ಕ ಕೊಟ್ಟರೆ ಲೆಕ್ಕಪತ್ರ, ಪರಿಶೋಧಕರ ರಾಜೀನಾಮೆಯಂತಹ ದಾಖಲೆಗಳನ್ನೂ ಓದಬಹುದು. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ ರಿಟರ್ನ್‌ಗಳನ್ನು ಯಾವ ಯಾವ ದಿನ ಸಲ್ಲಿಸಲಾಗಿದೆ ಎಂಬ ಪಟ್ಟಿ ಕಾಣುತ್ತದೆ. ಸಕಾಲಕ್ಕೆ ನಡೆಯುತ್ತಿದ್ದ ಸಲ್ಲಿಕೆ ಇದ್ದಕ್ಕಿದ್ದಂತೆ ತಿಂಗಳುಗಟ್ಟಲೆ ತಡವಾಗತೊಡಗಿದರೆ ಅದು ಹಣದ ಬಿಕ್ಕಟ್ಟಿನ ಮೊದಲ ಗುರುತಾಗಿರಬಹುದು.

ಮೂರನೆಯದು ಪಾಠಾಂತರಗಳ ಹೋಲಿಕೆ, ಅಂದರೆ ಅಲ್ಲಿ ಮೊದಲು ದುಡಿದವರ ಮಾತು. ‘ಕಂಪನಿ ಒಳ್ಳೆಯದೇ?’ ಎಂಬ ಪ್ರಶ್ನೆಗೆ ಸೌಜನ್ಯದ ಉತ್ತರವಷ್ಟೇ ಬರುತ್ತದೆ. ‘ಕಳೆದ ಬಿಲ್ಲು ಕೊಟ್ಟದ್ದು ಯಾವತ್ತು, ಹಣ ಬಂದದ್ದು ಯಾವತ್ತು?’ ಎಂದು ಕೇಳಿದರೆ ದಿನಾಂಕ ಸಿಗುತ್ತದೆ. ಇಬ್ಬರು ಮೂವರ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ 30 ದಿನ 45 ಆಗಿ, 45 ದಿನ 70 ಆಗುತ್ತಿದೆಯೇ ಎಂಬುದು ತಿಳಿಯುತ್ತದೆ.

ಪರೀಕ್ಷೆ ಕರಾರಿನ ದಿನಕ್ಕೆ ಮುಗಿಯುವುದಿಲ್ಲ. ಪಾವತಿಯ ಸಮಯದಲ್ಲಿ ಕಂಪನಿಯು ಮೂಲದಲ್ಲೇ ತೆರಿಗೆ ಹಿಡಿದುಕೊಂಡಿದ್ದರೆ, ಅದನ್ನು ಸರ್ಕಾರಕ್ಕೆ ಕಟ್ಟಿದೆಯೇ ಎಂಬುದು ದುಡಿದವರ ಪ್ಯಾನ್ ಸಂಖ್ಯೆಯ ಆದಾಯ ತೆರಿಗೆ ಖಾತೆಯಲ್ಲಿ ಕೆಲವು ತಿಂಗಳುಗಳಲ್ಲಿ ಕಾಣಬೇಕು. ಹಿಡಿದ ಹಣ ಅಲ್ಲಿ ಕಾಣದಿದ್ದರೆ ಕಂಪನಿ ಸರ್ಕಾರದ ಹಣದಿಂದಲೇ ದಿನ ದೂಡುತ್ತಿರಬಹುದು. ಸಂಪರ್ಕದ ವ್ಯಕ್ತಿ ತಿಂಗಳಿಗೊಬ್ಬರಂತೆ ಬದಲಾಗುವುದು, ಕೆಲಸಕ್ಕೆ ಇರುವ ಅವಸರ ಹಣದ ಮಾತಿಗೆ ಇಲ್ಲದಿರುವುದು ಇವೂ ಸೂಚನೆಗಳೇ.

ಕಾನೂನಿನ ಆಸರೆಯೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಕರಾರಿನ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಮನೆಯಲ್ಲೇ ಕುಳಿತು ಅನುವಾದಿಸುವ ವ್ಯಕ್ತಿಯೂ ಸೇವಾ ಉದ್ಯಮವೆಂದು ‘ಉದ್ಯಮ್’ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಕೆಲಸ ಆರಂಭಿಸುವ ಮೊದಲೇ ಅದನ್ನು ಮಾಡಿಕೊಳ್ಳುವುದು ಕ್ಷೇಮ. ಗಡಿನಾಡಿನವರಿಗೆ ಮುಖ್ಯವಾದ ಅಂಶವೊಂದಿದೆ. ದೂರನ್ನು ಪೂರೈಕೆದಾರನಿರುವ ರಾಜ್ಯದ ಮಂಡಳಿಯೇ ವಿಚಾರಿಸಬಹುದು. ಅನಂತಪುರದಲ್ಲಿರುವವರು ಬೆಂಗಳೂರಿನ ಕಂಪನಿಯ ಮೇಲೆ ಕೇರಳದಲ್ಲೇ ದೂರು ಕೊಡಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯೂ ನೆರವಿಗಿದೆ. ನೌಕರನಲ್ಲದ ಅನುವಾದಕನ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದ ಒಪ್ಪಂದ ಬೇಕು. ‘ಪೂರ್ಣ ಹಣ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆ’ ಎಂಬ ಒಂದು ವಾಕ್ಯವನ್ನು ಕರಾರಿನಲ್ಲಿ ಸೇರಿಸಲು ಕೇಳುವುದು ನ್ಯಾಯವೇ.

ಆದರೆ ದಿವಾಳಿಯಾದ ಕಂಪನಿಯ ಎದುರು ಇವು ಹೆಚ್ಚು ನಡೆಯುವುದಿಲ್ಲ. 2016ರ ದಿವಾಳಿ ಸಂಹಿತೆಯಂತೆ ಕಂಪನಿಯನ್ನು ಸಮಾಪನಗೊಳಿಸಿ ಆಸ್ತಿ ಹಂಚುವಾಗ ಅಡಮಾನವುಳ್ಳ ಸಾಲಗಾರರ, ಕಾರ್ಮಿಕರ, ನೌಕರರ ಬಾಕಿಗಳು ಮೊದಲು. ಗುತ್ತಿಗೆಯವರ ಬಿಲ್ಲು ಬಹಳ ಕೆಳಗೆ. ಆದ್ದರಿಂದ ಕಾಯಿದೆಯ ಓದಿಗಿಂತ ಮೊದಲು ಮಿತಿಯ ನಿರ್ಣಯ ಆಗಬೇಕು. ಸಣ್ಣ ಕಂತುಗಳಲ್ಲಿ ಕೆಲಸ, ಸಾಧ್ಯವಾದಲ್ಲಿ ಮುಂಗಡ, ಇಷ್ಟು ರೂಪಾಯಿಗೆ ಮೇಲೆ ಬಾಕಿ ಏರಿದರೆ ಹೊಸ ಕೆಲಸ ಇಲ್ಲ ಎಂಬ ಗೆರೆ. ತಾನು ಕಳೆದುಕೊಂಡರೂ ಮನೆಯ ಒಲೆ ಉರಿಯುವಷ್ಟು ಮೊತ್ತ ಯಾವುದೋ ಅದೇ ಆ ಗೆರೆ.

ಈ ಪರೀಕ್ಷೆಯಿಂದ ಸಣ್ಣ ಪ್ರಕಾಶಕರಿಗೆ ಅನ್ಯಾಯವಾಗಬೇಕಿಲ್ಲ. ಕಂಪನಿಯಾಗಿ ನೋಂದಾಯಿಸದ ಎಷ್ಟೋ ಪ್ರಾಮಾಣಿಕ ಸಂಸ್ಥೆಗಳಿವೆ. ಅಲ್ಲಿ ಹಿಂದಿನವರ ದಿನಾಂಕಗಳೇ ದಾಖಲೆ. ನಿಜವಾದ ಅಡ್ಡಿ ಬೇರೊಂದಿದೆ. ಗಡಿನಾಡಿನಲ್ಲಿ ಕನ್ನಡದ ಕೆಲಸವೆಂದರೆ ಸೇವೆ ಎಂಬ ಸಂಸ್ಕಾರ ಬೆಳೆದುಬಂದಿದೆ. ಆ ಸಂಸ್ಕಾರ ದೊಡ್ಡದು. ಆದರೆ ಸೇವೆಯನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನು ದುಡಿಯುವವರೇ ಆರಿಸಿಕೊಳ್ಳಬೇಕು. ಲಾಭಕ್ಕಾಗಿ ನಡೆಯುವ ಕಂಪನಿಗೆ ಅರಿವಿಲ್ಲದೆ ಕೊಟ್ಟ ಸಾಲಕ್ಕೆ ಆ ಹೆಸರು ಸಲ್ಲದು. ಹಣದ ಮಾತೆತ್ತಲು ನಾಚುವ ವಿದ್ಯಾರ್ಥಿ ಮೊದಲ ಪತ್ರದಲ್ಲೇ ನಾಲ್ಕು ವಿಷಯಗಳನ್ನು ವಿನಯದಿಂದ ಕೇಳಬಹುದು: ಕರಾರಿಗೆ ಸಹಿ ಹಾಕುವ ಸಂಸ್ಥೆಯ ಪೂರ್ಣ ಹೆಸರು, ಅದರ ನೋಂದಣಿ ಸಂಖ್ಯೆ, ಪಾವತಿಯ ದಿನ, ಈಗಾಗಲೇ ಕೆಲಸ ಮಾಡಿರುವ ಇಬ್ಬರ ಹೆಸರು. ಹಣ ಕೊಡುವ ಮನಸ್ಸುಳ್ಳವರಿಗೆ ಇದಕ್ಕೆ ಉತ್ತರಿಸಲು ಹತ್ತು ನಿಮಿಷ ಸಾಕು.