ಅಲ್ಲಿನ ಸೊಳ್ಳೆಗೆ ಇಲ್ಲಿನ ಮಾತ್ರೆ

ಅಜ್ಜಂಪುರ ಎಂದ ತಕ್ಷಣ ಹೊರಗಿನವರಿಗೆ ನೆನಪಾಗುವುದು ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ, ಅಲ್ಲಿನ ಚೂಪು ಕೊಂಬಿನ ದನಗಳು. ಆ ದನಗಳ ಮೈಗೆ ರಾತ್ರಿ ಮುತ್ತುವ ಸೊಳ್ಳೆಯ ಹೆಸರು ಮಾತ್ರ ಊರಿನವರಿಗೂ ಗೊತ್ತಿರಲಾರದು. ಅನಾಫಿಲಿಸ್ ಕ್ಯೂಲಿಸಿಫೇಸಿಸ್. ನಮ್ಮ ಬಯಲುಸೀಮೆಯಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಇದೇ. ಹಳ್ಳದ ಗುಂಡಿ, ನಾಲೆಯ ಅಂಚು, ಹೊಸದಾಗಿ ನೀರು ಕಟ್ಟಿದ ಗದ್ದೆ, ಹಾಳು ಬಾವಿ ಇದರ ತೊಟ್ಟಿಲು. ಚರಂಡಿಯ ಕೊಳೆನೀರು ಇದಕ್ಕೆ ಆಗದು. ಬೆಳಗಿನ ಹೊತ್ತು ಕೊಟ್ಟಿಗೆಯ ಗೋಡೆಗೆ ಟಾರ್ಚ್ ಬಿಟ್ಟರೆ ಹೊಟ್ಟೆ ಕೆಂಪಗೆ ಉಬ್ಬಿ ಕೂತಿರುತ್ತದೆ. ಅನಾಫಿಲಿಸ್ ಜಾತಿಯವು ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತವೆ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೇವೆ. ಇದು ಅಷ್ಟು ಓರೆಯಾಗಿ ಕೂರುವುದಿಲ್ಲ, ಹಾಗಾಗಿ ನೋಡಿದವರು ಸಾಮಾನ್ಯ ಸೊಳ್ಳೆ ಎಂದುಕೊಳ್ಳುವುದೇ ಹೆಚ್ಚು.

ನಮ್ಮ ಅದೃಷ್ಟವೆಂದರೆ ಇದಕ್ಕೆ ದನದ ರಕ್ತ ಇಷ್ಟ. ಮನುಷ್ಯ ಸಿಕ್ಕರೆ ಬಿಡುವುದಿಲ್ಲ, ಆದರೆ ಪಕ್ಕದಲ್ಲಿ ಹಸು ಕಟ್ಟಿದ್ದರೆ ಅತ್ತಲೇ ಹೋಗುತ್ತದೆ. ಮಲೇರಿಯಾದ ಪರೋಪಜೀವಿಗೆ ಹಸುವಿನ ಮೈಯಲ್ಲಿ ಜಾಗವಿಲ್ಲ. ಸೊಳ್ಳೆಯೊಂದು ಮಲೇರಿಯಾ ಹರಡಬೇಕಾದರೆ ಮೊದಲು ರೋಗಿಯನ್ನು ಕಚ್ಚಬೇಕು, ಆಮೇಲೆ ಹತ್ತು ಹದಿನಾಲ್ಕು ದಿನ ಬದುಕಿರಬೇಕು, ಕೊನೆಗೆ ಇನ್ನೊಬ್ಬ ಮನುಷ್ಯನನ್ನೇ ಕಚ್ಚಬೇಕು. ನಡುವೆ ದನದ ಕಡೆ ಹೋದಷ್ಟೂ ಸರಪಳಿ ಕಡಿಯುತ್ತದೆ.

ಹಾಗೆಂದು ಈ ಸೀಮೆ ಮಲೇರಿಯಾ ಕಾಣದ ಸೀಮೆಯಲ್ಲ. ತರೀಕೆರೆಯಿಂದ ಪಡುವಣಕ್ಕೆ ಕಾಡು ಶುರುವಾಗುತ್ತಿದ್ದಂತೆ ಸೊಳ್ಳೆಯೂ ಬದಲಾಗುತ್ತದೆ. ಹರಿಯುವ ತೊರೆಯ ಅಂಚಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಮಲೆನಾಡಿನ ಚಳಿಜ್ವರಕ್ಕೆ ಕಾರಣವಾಗಿತ್ತು. ಅದಕ್ಕೆ ಮನುಷ್ಯನ ರಕ್ತವೂ ಚೆನ್ನಾಗಿಯೇ ರುಚಿಸುತ್ತಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. 1970ರ ದಶಕದಲ್ಲಿ ದೇಶದಲ್ಲೆಲ್ಲ ಜ್ವರ ಮತ್ತೆ ಎದ್ದು ಕೂತಿತು, ಅದನ್ನೂ ಹತ್ತಿಕ್ಕಿದರು. ಈಗ ಇಲ್ಲಿನ ಇಪ್ಪತ್ತರ ಹುಡುಗನೊಬ್ಬ ಮಲೇರಿಯಾ ರೋಗಿಯನ್ನು ಕಣ್ಣಾರೆ ಕಂಡಿರುವುದೇ ಅಪರೂಪ.

ಆ ಹುಡುಗ ವಿಮಾನ ಹತ್ತಿ ಆಫ್ರಿಕಾದಲ್ಲಿ ಇಳಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಸಹಾರಾದ ದಕ್ಷಿಣಕ್ಕೆ ರಾಜ್ಯಭಾರ ಅನಾಫಿಲಿಸ್ ಗ್ಯಾಂಬಿಯೆಯದ್ದು. ಅದಕ್ಕೆ ದನ ಬೇಡ, ಮನುಷ್ಯನೇ ಬೇಕು. ಮನುಷ್ಯರ ಬೆವರಿನ, ಪಾದದ ವಾಸನೆ ಹಿಡಿದು ಮನೆಯೊಳಗೇ ಬರುತ್ತದೆ, ನಡುರಾತ್ರಿಯ ನಂತರ ಮಲಗಿದವರನ್ನು ಕಚ್ಚುತ್ತದೆ. ಮೇಲಾಗಿ ಅಲ್ಲಿ ಅದು ಹೊತ್ತು ತಿರುಗುವುದು ಬಹುಪಾಲು ಪ್ಲಾಸ್ಮೋಡಿಯಂ ಫ್ಯಾಲ್ಸಿಪೇರಂ ಎಂಬ ಜೀವಿಯನ್ನು. ಮಿದುಳಿಗೆ ಏರಿ ಕೊಲ್ಲುವ ಮಲೇರಿಯಾ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳು, ಸುಮಾರು 5.97 ಲಕ್ಷ ಸಾವು. ಸತ್ತ ನೂರರಲ್ಲಿ 95 ಮಂದಿ ಆಫ್ರಿಕಾದವರು, ಅವರಲ್ಲೂ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅಲ್ಲಿನ ದೊಡ್ಡವರು ಬಾಲ್ಯದಿಂದ ಕಚ್ಚಿಸಿಕೊಂಡು ಒಂದಷ್ಟು ತಡೆಶಕ್ತಿ ಬೆಳೆಸಿಕೊಂಡಿರುತ್ತಾರೆ. ನಮ್ಮ ಇಪ್ಪತ್ತರ ಹುಡುಗನಿಗೆ ಅದೂ ಇಲ್ಲ.

ನಮ್ಮ ಕಡೆಯಿಂದ ಆಫ್ರಿಕಾಕ್ಕೆ ಹೋಗುವವರು ಯಾರಪ್ಪಾ ಎಂದು ಕೇಳುವವರಿಗೆ ಹಕ್ಕಿಪಿಕ್ಕಿ ಜನರನ್ನು ನೆನಪಿಸಬೇಕು. 1972ರ ವನ್ಯಜೀವಿ ಕಾಯ್ದೆ ಬಂದು ಹಕ್ಕಿ ಹಿಡಿಯುವ ಕಸುಬು ಕೈಬಿಟ್ಟ ಮೇಲೆ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ದೇಶ ಸುತ್ತಿದ ಜನ ಇವರು. ಪಕ್ಕದ ಚನ್ನಗಿರಿ ತಾಲ್ಲೂಕು, ಶಿವಮೊಗ್ಗ, ಅತ್ತ ಹುಣಸೂರಿನಿಂದ ಹೊರಟು ಸುಡಾನ್, ಗ್ಯಾಬೊನ್‌ವರೆಗೂ ಹೋಗಿ ವ್ಯಾಪಾರ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಎಲ್ ಫಾಶರ್ ಊರಿನಲ್ಲಿ ಇವರು ಸಿಕ್ಕಿಬಿದ್ದ ಸುದ್ದಿ ನಾಡೆಲ್ಲ ಹಬ್ಬಿತು. ‘ಆಪರೇಷನ್ ಕಾವೇರಿ’ಯಲ್ಲಿ ಕರೆತಂದರು, ಪ್ರಧಾನಿ ಶಿವಮೊಗ್ಗಕ್ಕೆ ಬಂದಾಗ ಭೇಟಿಯಾದರು. ಗುಂಡಿನ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಸೊಳ್ಳೆಯ ಸುದ್ದಿ ಬರುವುದಿಲ್ಲ. ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿ ಉಳಿದು, ಹಗಲೆಲ್ಲ ಬಿಸಿಲಲ್ಲಿ ತಿರುಗಿ ಮಾರುವವರಿಗೆ ನಿತ್ಯದ ಅಪಾಯ ಎರಡನೆಯದೇ. ಕಾಮಗಾರಿ, ಕಂಪನಿ ಕೆಲಸ, ಓದು ಎಂದು ಹೋಗುವವರಿಗೂ ಇದೇ ಮಾತು.

ಆಫ್ರಿಕಾದ ಹಲವು ದೇಶಗಳಿಗೆ ಹೊರಟವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹಳದಿ ಪುಸ್ತಕ ಪಡೆದೇ ಪಡೆಯುತ್ತಾರೆ. ಏಕೆಂದರೆ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಮಲೇರಿಯಾ ಮಾತ್ರೆ ತೋರಿಸಿ ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಕೇಳದ ಕಾಗದಕ್ಕೆ ನಮ್ಮಲ್ಲಿ ಬೆಲೆ ಎಷ್ಟು ಎಂಬುದು ನಿಮಗೇ ಗೊತ್ತು. ‘ಸೂಜಿ ಹಾಕಿಸಿದೆನಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರು ಬಹಳ. ಆ ಲಸಿಕೆಗೂ ಮಲೇರಿಯಾಕ್ಕೂ ಸಂಬಂಧವೇ ಇಲ್ಲ. ಅದು ಹಗಲು ಕಚ್ಚುವ ಈಡಿಸ್ ಸೊಳ್ಳೆಯ ವೈರಸ್ಸಿಗೆ, ಮಾತ್ರೆ ರಾತ್ರಿ ಕಚ್ಚುವ ಸೊಳ್ಳೆಯ ಪರೋಪಜೀವಿಗೆ.

ಇನ್ನು ಮಾತ್ರೆ. ಊರಿನ ಮೆಡಿಕಲ್ ಅಂಗಡಿಗೆ ಹೋಗಿ ಬರೀ ‘ಮಲೇರಿಯಾ ಮಾತ್ರೆ’ ಎಂದು ಕೇಳಿದರೆ ಕ್ಲೋರೋಕ್ವಿನ್ ಸ್ಟ್ರಿಪ್ ಕೈಗೆ ಬರುವ ಸಂಭವ ಉಂಟು. ಒಂದು ಕಾಲದ ಮಹಾರಾಜ ಅದು. ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದಾಗ ಉಳಿಯುವ ಹೀಮ್ ಅದಕ್ಕೇ ವಿಷ, ಹಾಗಾಗಿ ಅದನ್ನು ಹರಳುಗಟ್ಟಿಸಿ ಬದಿಗಿಡುತ್ತದೆ. ಹರಳುಗಟ್ಟಲು ಬಿಡದೆ ಅದರ ಊಟವನ್ನೇ ಅದಕ್ಕೆ ವಿಷವಾಗಿಸುವುದು ಕ್ಲೋರೋಕ್ವಿನ್‌ನ ಉಪಾಯ. ಫ್ಯಾಲ್ಸಿಪೇರಂ ಇದಕ್ಕೆ ಮರುಉಪಾಯ ಕಂಡುಕೊಂಡಿತು. ಔಷಧಿಯನ್ನು ತನ್ನ ಜೀರ್ಣಚೀಲದಿಂದ ಹೊರಹಾಕುವ ಪ್ರೋಟೀನು ಅದರಲ್ಲಿ ರೂಪುಗೊಂಡಿತು. 1950ರ ದಶಕದ ಕೊನೆಗೆ ಆಗ್ನೇಯ ಏಷ್ಯಾದಲ್ಲಿ ಕಂಡ ಈ ಗುಣ 1970ರ ದಶಕ ಮುಗಿಯುವಷ್ಟರಲ್ಲಿ ಪೂರ್ವ ಆಫ್ರಿಕಾ ತಲುಪಿ, ಮುಂದೆ ಖಂಡವನ್ನೆಲ್ಲ ಆವರಿಸಿತು. ಆಫ್ರಿಕಾಕ್ಕೆ ಕ್ಲೋರೋಕ್ವಿನ್ ನಂಬಿ ಹೋಗುವುದು ಬರಿಗೈಯಲ್ಲಿ ಹೋದ ಹಾಗೆಯೇ.

ಉಳಿದವು ಮುಖ್ಯವಾಗಿ ಮೂರು: ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್, ಅಟೊವಕ್ವೋನ್–ಪ್ರೊಗ್ವಾನಿಲ್ ಜೋಡಿ. ಯಾವುದನ್ನು ಎಷ್ಟು ದಿನ ನುಂಗಬೇಕು ಎಂಬುದು ಪರೋಪಜೀವಿಯ ದಾರಿ ತಿಳಿದರೆ ತಾನಾಗಿ ಅರ್ಥವಾಗುತ್ತದೆ.

ಸೊಳ್ಳೆ ಚುಚ್ಚಿದಾಗ ಅದರ ಜೊಲ್ಲಿನ ಜೊತೆ ಒಳಬರುವ ಎಳೆಯಂಥ ಜೀವಿಗಳು ನೆಟ್ಟಗೆ ಯಕೃತ್ತಿಗೆ ಹೋಗುತ್ತವೆ. ಅಲ್ಲಿ ಫ್ಯಾಲ್ಸಿಪೇರಂ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆಯುತ್ತದೆ. ಜ್ವರವಿಲ್ಲ, ಸುಸ್ತಿಲ್ಲ, ರಕ್ತ ಪರೀಕ್ಷೆಯಲ್ಲೂ ಕಾಣದು. ಒಂದೊಂದು ಜೀವಿಯಿಂದ ಹತ್ತಾರು ಸಾವಿರ ಮರಿಗಳಾಗಿ ರಕ್ತಕ್ಕೆ ಧುಮುಕುತ್ತವೆ. ಆಮೇಲೆ ಕೆಂಪುಕಣ ಹೊಕ್ಕು, 48 ಗಂಟೆಗೊಮ್ಮೆ ಅದನ್ನು ಒಡೆದು, ಹೊಸ ಕಣಗಳಿಗೆ ನುಗ್ಗುವ ಆಟ. ಚಳಿ, ನಡುಕ, ಬೆವರು ಎಲ್ಲ ಈ ಹಂತದ್ದು.

ಡಾಕ್ಸಿಸೈಕ್ಲಿನ್ ಮುಖ್ಯವಾಗಿ ಹೊಡೆಯುವುದು ಈ ರಕ್ತದ ಹಂತವನ್ನು. ಅದು ಹೊಡೆಯುವ ಜಾಗ ಬಹಳ ವಿಚಿತ್ರ. ಮಲೇರಿಯಾ ಜೀವಿಯ ಪೂರ್ವಜರು ಯಾವುದೋ ಕಾಲದಲ್ಲಿ ಪಾಚಿಯೊಂದನ್ನು ನುಂಗಿ ಒಳಗೆ ಇಟ್ಟುಕೊಂಡಿದ್ದರು. ಬಿಸಿಲಿನಿಂದ ಆಹಾರ ಮಾಡುತ್ತಿದ್ದ ಅದರ ಹಸಿರು ಅಂಗ ಬಣ್ಣ ಕಳೆದುಕೊಂಡು ಇಂದಿಗೂ ಪ್ಲಾಸ್ಮೋಡಿಯಂ ಒಳಗೆ ಉಳಿದಿದೆ. ಅಪಿಕೋಪ್ಲಾಸ್ಟ್ ಎನ್ನುತ್ತಾರೆ. ಆ ಹಸಿರು ಅಂಗದ ಮೂಲ ಬ್ಯಾಕ್ಟೀರಿಯಾ. ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಡಾಕ್ಸಿಸೈಕ್ಲಿನ್ ಇದರ ಪ್ರೋಟೀನು ತಯಾರಿಕೆಯನ್ನೂ ಕೆಡಿಸುತ್ತದೆ. ಔಷಧಿ ತಾಗಿದ ಜೀವಿ ಆ ಗಳಿಗೆಯಲ್ಲೇ ಸಾಯದು, ಅದರ ಮುಂದಿನ ಪೀಳಿಗೆ ಸಾಯುತ್ತದೆ. ಈ ನಿಧಾನದಿಂದಾಗಿಯೇ ಜ್ವರ ಏರಿದ ಮೇಲೆ ಡಾಕ್ಸಿಸೈಕ್ಲಿನ್ ಒಂದನ್ನೇ ನಂಬುವಂತಿಲ್ಲ. ಯಕೃತ್ತಿನಿಂದ ತಡವಾಗಿ ಇಳಿದುಬರುವವರನ್ನೂ ಹಿಡಿಯಬೇಕಾದ್ದರಿಂದ ಊರಿಗೆ ಮರಳಿದ ಮೇಲೆ ನಾಲ್ಕು ವಾರ ಮುಂದುವರಿಸಬೇಕು.

ಮೆಫ್ಲೋಕ್ವಿನ್ನಿನದ್ದೂ ರಕ್ತದಲ್ಲೇ ಕೆಲಸ, ಅದಕ್ಕೂ ನಾಲ್ಕು ವಾರ. ಮೈಯಲ್ಲಿ ಬಹಳ ದಿನ ಉಳಿಯುವುದರಿಂದ ವಾರಕ್ಕೊಂದೇ ಮಾತ್ರೆ ಸಾಕು. ಅಟೊವಕ್ವೋನ್ ಜೋಡಿ ಯಕೃತ್ತಿನಲ್ಲೇ ಬೇಟೆಯಾಡುತ್ತದೆ, ಪರೋಪಜೀವಿಯ ಮೈಟೊಕಾಂಡ್ರಿಯಾವನ್ನು ನಿಲ್ಲಿಸಿಬಿಡುತ್ತದೆ. ಅದಕ್ಕಾಗಿ ಮರಳಿದ ಮೇಲೆ ಏಳು ದಿನ ಸಾಕು.

ಈಗ ಕೊಳ್ಳುವ ಲೆಕ್ಕ. ಇಪ್ಪತ್ತು ದಿನದ ಪ್ರಯಾಣ ಎಂದುಕೊಳ್ಳಿ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು: ಹೊರಡುವ ಮುಂಚೆ ಎರಡು, ಅಲ್ಲಿ ಇಪ್ಪತ್ತು, ಬಂದ ಮೇಲೆ ಇಪ್ಪತ್ತೆಂಟು, ಒಟ್ಟು 50. ಅಟೊವಕ್ವೋನ್ ಜೋಡಿಯಾದರೆ 2, 20, 7 ಸೇರಿ 29. ಎಂಟು ವಾರ ಉಳಿಯುವವರು ಎರಡು ವಾರ ಮೊದಲೇ ಮೆಫ್ಲೋಕ್ವಿನ್ ಶುರುಮಾಡಿದರೆ, ಹದಿನಾಲ್ಕು ವಾರದ ಮೊದಲ ದಿನ, ಕೊನೆಯ ದಿನ ಎರಡರ ಮಾತ್ರೆಯೂ ಸೇರಿ ಒಟ್ಟು 15. ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಆರು ವಾರದೊಳಗಿನ ವಾಸಕ್ಕೆ ಡಾಕ್ಸಿಸೈಕ್ಲಿನ್, ಅದಕ್ಕೂ ಹೆಚ್ಚಿನದಕ್ಕೆ ಮೆಫ್ಲೋಕ್ವಿನ್ ಎಂದು ಹೇಳಿದೆ.

ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡಿದ್ದು ಪ್ರಯಾಣ ಚಿಕ್ಕದಾಗಿದ್ದರೆ ಅಟೊವಕ್ವೋನ್ ಜೋಡಿ ಸುಖ. ಊಟದ ಜೊತೆಗೋ ಹಾಲಿನ ಜೊತೆಗೋ ನುಂಗಬೇಕು, ಕಿರುಕುಳ ಕಡಿಮೆ. ಆದರೆ ಬೆಲೆ ಹೆಚ್ಚು, ಚಿಕ್ಕ ಊರಿನ ಅಂಗಡಿಯಲ್ಲಿ ಇಟ್ಟಿರುತ್ತಾರೆಂಬ ಭರವಸೆ ಬೇಡ. ತಿಂಗಳು ಮೊದಲೇ ತರಿಸಲು ಹೇಳಿ. ಮೂತ್ರಪಿಂಡ ತೀರಾ ಕೆಟ್ಟವರಿಗೆ ಇದು ಆಗದು. ಡಾಕ್ಸಿಸೈಕ್ಲಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಅದಕ್ಕೆ ಶಿಸ್ತು ಬೇಕು. ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ. ಊಟವಾದ ಮೇಲೆ ತುಂಬು ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿರಬೇಕು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸಿನ ಔಷಧಿ ಜೊತೆಗೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ದಿನವಿಡೀ ತಿರುಗಿ ಮಾರುವವರು ಟೋಪಿ, ತುಂಬುತೋಳಿನ ಅಂಗಿ ಮರೆಯಬಾರದು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡುವುದೇ ಇಲ್ಲ. ಮೆಫ್ಲೋಕ್ವಿನ್ ಕೆಲವರಿಗೆ ಕೆಟ್ಟ ಕನಸು, ತಲೆಸುತ್ತು, ದಿಗಿಲು, ಖಿನ್ನತೆ ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅದರ ಮೇಲೆ ತನ್ನ ಅತಿ ಕಟುವಾದ ಎಚ್ಚರಿಕೆ ಮುದ್ರಿಸಿತು. ಫಿಟ್ಸ್, ಮಾನಸಿಕ ತೊಂದರೆ, ಹೃದಯಬಡಿತದ ತೊಂದರೆ ಇದ್ದವರಿಗೆ ಅದು ಕೂಡದು. ಸಂಕೋಚಪಟ್ಟು ಇವನ್ನು ವೈದ್ಯರಿಂದ ಮುಚ್ಚಿಟ್ಟರೆ ಕಷ್ಟ ನಮಗೇ.

ಅಲ್ಲೇ ಹೋಗಿ ಕೊಂಡರಾಯಿತು ಎನ್ನುವುದು ಇನ್ನೊಂದು ಉಡಾಫೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಔಷಧಿಗಳಲ್ಲಿ ಒಂದು ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತು. ಅದಕ್ಕೆ ಬಂದ ದೂರುಗಳಲ್ಲಿ ಮಲೇರಿಯಾ ಔಷಧಿಗಳದ್ದೂ ಆಂಟಿಬಯಾಟಿಕ್‌ಗಳದ್ದೂ ದೊಡ್ಡ ಪಾಲು. ನಮ್ಮ ದೇಶವೂ ಅದೇ ಪಟ್ಟಿಗೆ ಸೇರಿದ್ದು ನಿಜ, ಆದರೆ ಇಲ್ಲಿ ಗುರುತಿನ ಅಂಗಡಿ ಇದೆ, ಬಿಲ್ಲು ಕೇಳಬಹುದು. ವೈದ್ಯರ ಚೀಟಿ ತೋರಿಸಿ ಪೂರ್ತಿ ಎಣಿಕೆಯ ಮಾತ್ರೆ ಇಲ್ಲೇ ಕೊಳ್ಳಿ. ಮುಕ್ತಾಯ ದಿನಾಂಕ ಕೊನೆಯ ಮಾತ್ರೆಯ ದಿನಕ್ಕಿಂತ ಮುಂದಿದೆಯೇ ನೋಡಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸೊಳ್ಳೆಪರದೆಯನ್ನೂ ಒಯ್ಯಿರಿ. ನೂರಕ್ಕೆ ನೂರು ಕಾಯುವ ಮಾತ್ರೆ ಇನ್ನೂ ಬಂದಿಲ್ಲ.

ಬಹಳ ಮಂದಿ ಎಡವುವುದು ವಾಪಸು ಬಂದ ಮೇಲೆ. ಬೀರೂರಿನಲ್ಲಿ ರೈಲಿಳಿದು ಮನೆ ಊಟ ಮಾಡಿದ ದಿನ ಮಾತ್ರೆಯ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಕೊನೆಯ ರಾತ್ರಿ ಅಲ್ಲಿ ಕಚ್ಚಿದ ಸೊಳ್ಳೆಯ ಫಲ ಯಕೃತ್ತಿನಿಂದ ಹೊರಬೀಳುವುದು ಇಲ್ಲಿಗೆ ಬಂದು ವಾರವಾದಾಗ. ಆಗ ಜ್ವರ ಬಂದರೆ ಅದನ್ನು ವೈರಲ್ಲು, ಡೆಂಗಿ ಎಂದು ಎರಡು ದಿನ ಕಳೆಯುವುದೇ ಜೀವಕ್ಕೆ ಮುಳುವು. ಫ್ಯಾಲ್ಸಿಪೇರಂಗೆ ಅಷ್ಟು ಸಮಯ ಸಾಕು. ಇನ್ನೊಂದು ತೊಂದರೆ ಊರಿನದ್ದು. ಹಾಗೆ ರೋಗ ಹೊತ್ತು ಬಂದವರ ರಕ್ತ ಹೀರಲು ಕೊಟ್ಟಿಗೆಯ ಕ್ಯೂಲಿಸಿಫೇಸಿಸ್ ಕಾದೇ ಇರುತ್ತದೆ. ದನದ ರುಚಿ ಅದಕ್ಕೆ ಹೆಚ್ಚು, ಆದರೆ ಮನುಷ್ಯನನ್ನು ಕಚ್ಚುವುದೇ ಇಲ್ಲ ಎಂದಲ್ಲವಲ್ಲ.

ಆದ್ದರಿಂದ ಆಫ್ರಿಕಾದಿಂದ ಮರಳಿದ ಮೂರು ತಿಂಗಳೊಳಗೆ ಯಾವುದೇ ಜ್ವರ ಬಂದರೂ, ಮಾತ್ರೆ ತಪ್ಪದೆ ನುಂಗಿದ್ದರೂ ಸರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚೀಟಿ ಬರೆಸುವಾಗಲೇ ಯಾವ ದೇಶದಿಂದ, ಯಾವಾಗ ಬಂದಿರಿ ಎಂಬುದನ್ನು ಮೊದಲು ಹೇಳಿ, ಆಮೇಲೆ ಜ್ವರ ಎಷ್ಟು ದಿನದ್ದು ಎನ್ನಿ. ಬೆರಳು ಚುಚ್ಚಿ ಮಾಡುವ ಮಲೇರಿಯಾ ಪರೀಕ್ಷೆಗೆ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.