ಜಿಗ್ಬೀ ತಂತ್ರಾಂಶ ಬದಲಾವಣೆ: ದೂರದಿಂದ ಬೇಡ, ಮನೆಯಲ್ಲಿದ್ದೇ ಮಾಡಿ

ಕುಂದಾಪುರ: ಮಕ್ಕಳು ಬೆಂಗಳೂರು, ಮುಂಬಯಿ ಇಲ್ಲವೇ ಕೊಲ್ಲಿ ರಾಷ್ಟ್ರಗಳಲ್ಲಿ, ಊರಿನ ಮನೆಯಲ್ಲಿ ವಯಸ್ಸಾದ ತಂದೆ-ತಾಯಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇದು ಸಾಮಾನ್ಯ ಚಿತ್ರ. ಅಂಗಳದ ದೀಪ, ಬಾವಿಯ ಪಂಪುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ವಯಂಚಾಲಿತ ವ್ಯವಸ್ಥೆ ಇಂತಹ ಮನೆಗಳಿಗೆ ಉಪಯುಕ್ತವೇ. ಆದರೆ ಅದರ ತಂತ್ರಾಂಶವನ್ನು ದೂರದಲ್ಲಿದ್ದುಕೊಂಡೇ ಬದಲಿಸಲು ಹೊರಟರೆ, ಕತ್ತಲಲ್ಲಿ ಕೂರಬೇಕಾದವರು ಮನೆಯ ಹಿರಿಯರು.

ಏನಿದು ಜಿಗ್ಬೀ?

ದೀಪ, ಪ್ಲಗ್, ಸೆನ್ಸರ್‌ಗಳ ನಡುವೆ ಸಂದೇಶ ಸಾಗಿಸುವ, ಅಲ್ಪ ವಿದ್ಯುತ್ ಬಳಸುವ ನಿಸ್ತಂತು ವ್ಯವಸ್ಥೆಯೇ ಜಿಗ್ಬೀ. ವೈಫೈಯಂತೆ ಇದೂ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಕೋಆರ್ಡಿನೇಟರ್ ಎಂಬ ಪುಟ್ಟ ಸಾಧನ ಇಡೀ ಜಾಲದ ಯಜಮಾನ. ಸದಾ ವಿದ್ಯುತ್ ಸಂಪರ್ಕದಲ್ಲಿರುವ ಪ್ಲಗ್, ಬಲ್ಬುಗಳು ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಮುರಕಲ್ಲಿನ ದಪ್ಪ ಗೋಡೆಗಳುಳ್ಳ ಕರಾವಳಿಯ ಮನೆಗಳಲ್ಲಿ ಈ ದಾಟಿಸುವಿಕೆ ಬಹುಮುಖ್ಯ.

ಬದಲಾವಣೆ ಏಕೆ?

2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶಕ್ಕೆ ಜಿಗ್ಬೀಯನ್ನು ಜೋಡಿಸಲು ಎರಡು ಪ್ರಮುಖ ಮಾರ್ಗಗಳಿವೆ. ಜೆಡ್‌ಎಚ್‌ಎ ಅದರೊಳಗೇ ಅಡಕವಾಗಿರುವುದರಿಂದ ಅಳವಡಿಕೆ ಸುಲಭ. ಜಿಗ್ಬೀ ಟು ಎಂಕ್ಯೂಟಿಟಿ ಪ್ರತ್ಯೇಕವಾಗಿ ನಡೆಯುವಂಥದು. ಸಂದೇಶ ರವಾನೆಗೆ ಬ್ರೋಕರ್ ಎಂಬ ಮಧ್ಯವರ್ತಿ ತಂತ್ರಾಂಶವೂ ಬೇಕು. ಹೋಮ್ ಅಸಿಸ್ಟೆಂಟ್ ಮರುಚಾಲನೆಗೊಂಡರೂ ಜಿಗ್ಬೀ ಜಾಲ ಕಡಿಯದಿರುವುದು ಇದರ ಅನುಕೂಲ. ಹೊಸದಾಗಿ ಕೊಂಡ ಸಾಧನವೊಂದು ಒಂದರಲ್ಲಿ ಸರಿಯಾಗಿ ಗುರುತಾಗದೆ ಇನ್ನೊಂದರಲ್ಲಿ ಗುರುತಾದಾಗಲೂ ಬದಲಾವಣೆಯ ಯೋಚನೆ ಬರುತ್ತದೆ.

ತೊಡಕು ಎಲ್ಲಿ?

ಒಂದೇ ಕೋಆರ್ಡಿನೇಟರನ್ನು ಎರಡೂ ತಂತ್ರಾಂಶಗಳು ಏಕಕಾಲಕ್ಕೆ ಬಳಸಲಾರವು. ಹಳೆಯದರಲ್ಲಿರುವ ಸಾಧನಗಳ ಪಟ್ಟಿ ಹೊಸದಕ್ಕೆ ತಾನಾಗಿ ವರ್ಗವಾಗದು. ಸಾಮಾನ್ಯವಾಗಿ ಪ್ರತಿಯೊಂದು ಸಾಧನದ ಬಳಿಗೂ ಹೋಗಿ, ರಿಸೆಟ್ ಮಾಡಿ, ಹೊಸದಾಗಿ ಸೇರಿಸಬೇಕಾಗುತ್ತದೆ. ದುಬೈಯಲ್ಲಿ ಕುಳಿತವರಿಗೆ ಅಂಗಳದ ದೀಪವನ್ನು ರಿಸೆಟ್ ಮಾಡಲಾಗದು. ಎಂಬತ್ತರ ಹಿರಿಯರನ್ನು ಅದಕ್ಕಾಗಿ ಏಣಿ ಹತ್ತಿಸುವುದೂ ತರವಲ್ಲ.

ಸುರಕ್ಷಿತ ಕ್ರಮ

ಮೊದಲು ಹಳೆಯ ವ್ಯವಸ್ಥೆಯ ಪೂರ್ಣ ಬ್ಯಾಕಪ್ ತೆಗೆದಿಡಬೇಕು. ಪ್ರತಿ ಸಾಧನದ ಹೆಸರನ್ನು ಬರೆದಿಟ್ಟುಕೊಂಡು ಹೊಸದರಲ್ಲೂ ಅದೇ ಹೆಸರು ಕೊಟ್ಟರೆ, ಈಗಾಗಲೇ ರೂಪಿಸಿದ ಸ್ವಯಂಚಾಲಿತ ಆದೇಶಗಳನ್ನು ಸರಿಪಡಿಸುವ ಕೆಲಸ ಕಡಿಮೆಯಾಗುತ್ತದೆ. ಸೇರಿಸುವಾಗ ವಿದ್ಯುತ್ ಸಂಪರ್ಕದ ಸಾಧನಗಳು ಮೊದಲು, ಬ್ಯಾಟರಿಯವು ಅನಂತರ.

ಇನ್ನೊಂದು ಕೋಆರ್ಡಿನೇಟರ್ ಕೊಳ್ಳುವುದು ಇನ್ನೂ ಉತ್ತಮ. ಜಿಗ್ಬೀಗೆ ಈ ಆವರ್ತನದಲ್ಲಿ 11ರಿಂದ 26ರವರೆಗೆ 16 ಚಾನೆಲ್‌ಗಳಿವೆ. ಹೊಸ ಜಾಲವನ್ನು ಬೇರೆ ಚಾನೆಲ್‌ನಲ್ಲಿ ಆರಂಭಿಸಿ, ಸಾಧನಗಳನ್ನು ಕೋಣೆಯಿಂದ ಕೋಣೆಗೆ ವರ್ಗಾಯಿಸುತ್ತಾ ಹೋದರೆ, ಉಳಿದ ಮನೆ ಹಳೆಯ ಜಾಲದಲ್ಲೇ ನಡೆಯುತ್ತಿರುತ್ತದೆ.

ಪದೇ ಪದೇ ವಿದ್ಯುತ್ ಹೋಗುವ ಮಳೆಗಾಲ ಈ ಕೆಲಸಕ್ಕೆ ಸಲ್ಲದು. ಹಬ್ಬಕ್ಕೋ ಬೇಸಿಗೆ ರಜೆಗೋ ಊರಿಗೆ ಬಂದಾಗ ಎರಡು ದಿನ ಮೀಸಲಿಡುವುದು ಒಳಿತು. ಎಲ್ಲಕ್ಕಿಂತ ಮುಖ್ಯವಾಗಿ, ಪಂಪಿನ ಸ್ಟಾರ್ಟರ್ ಮತ್ತು ಗೋಡೆಯ ಸ್ವಿಚ್ಚುಗಳು ಯಾವ ತಂತ್ರಾಂಶದ ಹಂಗೂ ಇಲ್ಲದೆ ಕೆಲಸ ಮಾಡುವಂತಿರಬೇಕು. ಹೊರಡುವ ಮುನ್ನ ಹಿರಿಯರ ಕೈಯಿಂದಲೇ ಅವನ್ನು ಒಮ್ಮೆ ಹಾಕಿಸಿ ನೋಡುವುದು ಕ್ಷೇಮ.