ಒಂದೇ ನಗರವೋ, ಎರಡೋ?

ಕಡಲಾಚೆಯ ಪ್ರಯಾಣವೆಂದರೆ ಹಿಂದೆ ನಮ್ಮ ಕಾಸರಗೋಡು ಸೀಮೆಯಲ್ಲಿ ಉದ್ಯೋಗವನ್ನರಸಿ ಹೋಗುವವರ ಮಾತಾಗಿತ್ತು. ಈಗಲಾದರೋ ಮಗನೋ ಮಗಳೋ ಸಿಂಗಾಪುರದಲ್ಲಿ ಕೆಲಸದಲ್ಲಿದ್ದು, "ಒಮ್ಮೆ ಎಲ್ಲರೂ ಬಂದು ಹೋಗಿ" ಎಂದು ಕರೆಯುವುದೂ, ಅಡಿಕೆಗೆ ಒಳ್ಳೆಯ ಕ್ರಯ ಬಂದ ವರ್ಷ ಮನೆಮಂದಿಯೆಲ್ಲ ಕೂಡಿ ಹೊರಡುವುದೂ ಅಪೂರ್ವವಲ್ಲ. ಹಾಗೆ ಹೊರಡುವುದು ನಿಶ್ಚಯವಾದ ಮರುದಿನವೇ ಮನೆಯ ಜಗಲಿಯಲ್ಲಿ ಒಂದು ಚರ್ಚೆ ಹುಟ್ಟುತ್ತದೆ: ಅಷ್ಟು ದೂರ ಹೋಗುವಾಗ, ಅಷ್ಟು ಹಣ ಸುರಿಯುವಾಗ, ಪಕ್ಕದ ಇನ್ನೊಂದು ನಗರವನ್ನೂ ನೋಡಿ ಬರಬಾರದೇಕೆ? ಮಕ್ಕಳು ಕುವಾಲಾಲುಂಪುರದ ಜೋಡಿ ಗೋಪುರಗಳ ಚಿತ್ರ ತೋರಿಸುತ್ತಾರೆ. ಅಜ್ಜಿಗೆ ಬಾಟು ಗುಹೆಯ ಮುರುಗನ ದರ್ಶನವಾಗಬೇಕು. ತಂದೆ ಕಾಗದ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂಡುತ್ತಾರೆ. ಹೆಚ್ಚಿನ ಕುಟುಂಬಗಳಿಗೆ ಇಂಥ ಪ್ರವಾಸ ಜೀವಮಾನದಲ್ಲಿ ಒಮ್ಮೆ ಒದಗುವಂಥದು. ಅಜ್ಜ ಅಜ್ಜಿಯರ ಪಾಲಿಗಂತೂ ಎರಡನೆಯ ಸಲ ಎಂಬುದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಯುಕ್ತ.

ತಂದೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ರೂಪಾಯಿಗಳಿರುತ್ತವೆ, ಗಂಟೆಗಳಿರುವುದಿಲ್ಲ. ಸಿಂಗಾಪುರದಿಂದ ಕುವಾಲಾಲುಂಪುರಕ್ಕೆ ವಿಮಾನದಲ್ಲಿ ಒಂದೇ ಗಂಟೆಯ ದಾರಿ ಎಂಬುದು ನಿಜ. ಆದರೆ ಬಿಡಾರದಿಂದ ಚಾಂಗಿ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಬೇಕು. ವಿಮಾನ ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ರಹದಾರಿ ಪರೀಕ್ಷೆಗೂ ಪೆಟ್ಟಿಗೆಗಳು ಕೈಸೇರುವುದಕ್ಕೂ ಒಂದು ಗಂಟೆ. ಕುವಾಲಾಲುಂಪುರದ ನಿಲ್ದಾಣವು ನಗರದಿಂದ 50 ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ ಅಲ್ಲಿಂದ ಮತ್ತೊಂದು ಗಂಟೆ. ಹೀಗೆ ಒಂದು ಗಂಟೆಯ ದಾರಿ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಆರು ಗಂಟೆಯಾಗುತ್ತದೆ. ಗಂಟುಮೂಟೆ ಕಟ್ಟುವುದು, ಮಧ್ಯಾಹ್ನದ ಊಟ ಹುಡುಕುವುದು, ಹೊಸ ಬಿಡಾರದಲ್ಲಿ ಕೋಣೆ ದೊರೆಯುವವರೆಗೆ ಕಾಯುವುದು ಇವೆಲ್ಲ ಸೇರಿದರೆ ಆ ದಿನ ಮುಗಿಯಿತು. ಬಸ್ಸಿನಲ್ಲಿ ಹೋದರೆ ಸುಮಾರು 350 ಕಿಲೋಮೀಟರು. ಗಡಿ ದಾಟುವುದೂ ಸೇರಿ ಅದಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಹಿಂದೆ ಸಿಂಗಾಪುರ ನಗರದ ನಡುವಿನಲ್ಲಿದ್ದ ತಂಜೋಂಗ್ ಪಗಾರ್ ನಿಲ್ದಾಣದಿಂದಲೇ ಮಲೇಶಿಯದ ರೈಲು ಹತ್ತಬಹುದಾಗಿತ್ತು. 2011ರಲ್ಲಿ ಆ ನಿಲ್ದಾಣವನ್ನು ಮುಚ್ಚಿದರು.

ಈಗ ದಿನಗಳನ್ನೆಣಿಸೋಣ. ಶನಿವಾರ ರಾತ್ರಿ ವಿಮಾನ ಹತ್ತಿ, ಮುಂದಿನ ಭಾನುವಾರ ಮನೆ ಸೇರುವ ಕುಟುಂಬವೊಂದಿದೆಯೆನ್ನಿ: ತಂದೆ, ತಾಯಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆಯ ಹಾರಾಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಆದುದರಿಂದ ರಾತ್ರಿಯ ನಿದ್ದೆಯಲ್ಲಿ ಪಾಲುಗೇಡಾಗಿ, ಮೊದಲ ಭಾನುವಾರ ಕಣ್ಣುಜ್ಜುವುದರಲ್ಲಿಯೇ ಕಳೆದುಹೋಗುತ್ತದೆ. ಉಳಿದದ್ದು ಸೋಮವಾರದಿಂದ ಶನಿವಾರದವರೆಗೆ ಆರು ದಿನ. ಎರಡನೆಯ ನಗರಕ್ಕೆ ಹೋಗಿ ಮತ್ತೆ ಸಿಂಗಾಪುರಕ್ಕೇ ಮರಳುವ ಏರ್ಪಾಡಾದರೆ ಆರು ದಿನ ನಾಲ್ಕಾಗುತ್ತದೆ. ಹಿಂತಿರುಗದೆ, ಮುಂದೆ ಹೋದ ಊರಿನಿಂದಲೇ ಸ್ವದೇಶಕ್ಕೆ ಹೊರಟರೆ ಐದು ಉಳಿಯುತ್ತದೆ. ಈ ಒಂದು ದಿನದ ವ್ಯತ್ಯಾಸವನ್ನು ಪ್ರಯಾಣದ ಏಜಂಟರು ತಾವಾಗಿ ಹೇಳುವುದು ಕಡಿಮೆ, ಕೇಳಿದರೆ ಹೇಳುತ್ತಾರೆ.

ಪ್ರಾಯದವರ ಮೊಣಕಾಲೂ ಎಳೆಯ ಮಕ್ಕಳ ಹಸಿವೆಯೂ ಈ ಲೆಕ್ಕದೊಳಗೆ ಬರಬೇಕು. ಭೂಮಧ್ಯರೇಖೆಯಿಂದ ಸಿಂಗಾಪುರ ಕೇವಲ 140 ಕಿಲೋಮೀಟರಿನಷ್ಟು ಉತ್ತರಕ್ಕಿದೆ. ವರ್ಷವಿಡೀ ನಮ್ಮ ಮೇ ತಿಂಗಳ ಸೆಕೆ, ಯಾವ ತಿಂಗಳಲ್ಲಾದರೂ ಸಂಜೆಯ ಹೊತ್ತಿಗೆ ಸುರಿಯಬಹುದಾದ ಮಳೆ. ಸೂರ್ಯ ಏಳು ಗಂಟೆಯ ಸುಮಾರಿಗೆ ಹುಟ್ಟಿ ಏಳು ಗಂಟೆಯ ಸುಮಾರಿಗೆ ಮುಳುಗುತ್ತಾನೆ; ಋತು ಬದಲಾದರೂ ಇದು ಹೆಚ್ಚು ಬದಲಾಗುವುದಿಲ್ಲ. (ಭೂಗೋಳ ಓದುವ ಮಕ್ಕಳು ಸಿಂಗಾಪುರದ ರೇಖಾಂಶವನ್ನು ನೋಡಿ, ಅಲ್ಲಿಯ ಗಡಿಯಾರ ಸೂರ್ಯನಿಗಿಂತ ಎಷ್ಟು ಮುಂದೆ ಓಡುತ್ತಿದೆಯೆಂದು ತಾವೇ ಲೆಕ್ಕಮಾಡಬಹುದು.) ಇಂಥ ಹವೆಯಲ್ಲಿ ಹಗಲು ಹನ್ನೆರಡರಿಂದ ಮೂರರವರೆಗೆ ಅಜ್ಜಿಯನ್ನು ಬೀದಿಯಲ್ಲಿ ನಡೆಸುವುದು ತರವಲ್ಲ. ಬಾಟು ಗುಹೆಗೆ 272 ಮೆಟ್ಟಿಲುಗಳು. 2006ರಲ್ಲಿ ಅನಾವರಣಗೊಂಡ, 140 ಅಡಿ ಎತ್ತರದ ಮುರುಗನ ವಿಗ್ರಹ ಕೆಳಗಡೆಯೇ ಇರುವುದರಿಂದ ಮೆಟ್ಟಿಲು ಹತ್ತಲಾರದವರಿಗೂ ದರ್ಶನಕ್ಕೆ ಲೋಪವಿಲ್ಲ. ಗುಹೆಯ ಒಳಗಿನ ಗುಡಿ ಮಾತ್ರ ಮೇಲಿದೆ.

ಇಷ್ಟು ಕೇಳಿದ ಮೇಲೆ "ಹಾಗಾದರೆ ಒಂದೇ ನಗರ ಸಾಕು" ಎಂದು ಯಾರಿಗಾದರೂ ತೋರೀತು. ಆರಕ್ಕಿಂತ ಕಡಿಮೆ ದಿನಗಳಿರುವವರಿಗೆ ನನ್ನ ಉತ್ತರವೂ ಅದೇ. ಅಂಥವರು ಸಿಂಗಾಪುರ ಬೇಸರ ತಂದೀತೆಂದು ಅಂಜಬೇಕಾಗಿಲ್ಲ. ಸೌತ್ ಬ್ರಿಜ್ ರಸ್ತೆ ಎಂಬ ಒಂದೇ ಬೀದಿಯಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ದೇವಾಲಯ, ಅದರ ನೆರೆಯಲ್ಲೇ ತಮಿಳು ಮುಸಲ್ಮಾನರು ಕಟ್ಟಿದ ಜಾಮೆ ಮಸೀದಿ, ಸ್ವಲ್ಪ ಮುಂದೆ ಬೌದ್ಧ ದೇಗುಲ. ಸಿರಂಗೂನ್ ರಸ್ತೆಯ ಸುತ್ತಮುತ್ತ ಶಾಕಾಹಾರದ ಊಟಕ್ಕೆ ಕೊರತೆಯಿಲ್ಲ.

ಅದಕ್ಕಿಂತಲೂ ನಮ್ಮ ಕಡೆಯ ಕೃಷಿಕರು ಅವಶ್ಯ ನೋಡಬೇಕಾದುದು 1859ರಲ್ಲಿ ಆರಂಭವಾದ ಸಸ್ಯೋದ್ಯಾನ. ಬ್ರೆಜಿಲಿನ ಕಾಡಿನಿಂದ 1876ರಲ್ಲಿ ಇಂಗ್ಲೆಂಡಿಗೆ ತಂದ ರಬ್ಬರ್ ಬೀಜಗಳಿಂದ ಎದ್ದ ಸಸಿಗಳಲ್ಲಿ 22ನ್ನು ಮರುವರ್ಷ ಸಿಂಗಾಪುರಕ್ಕೆ ಕಳುಹಿಸಿದರು. 1888ರಲ್ಲಿ ಉದ್ಯಾನದ ಅಧಿಕಾರ ವಹಿಸಿಕೊಂಡ ಹೆನ್ರಿ ರಿಡ್ಲಿ ಎಂಬಾತನು, ಮರಕ್ಕೆ ಹಾನಿಯಾಗದಂತೆ ತೊಗಟೆಯನ್ನು ಓರೆಯಾಗಿ ತೆಳ್ಳಗೆ ಕೊಯ್ದು ಮತ್ತೆ ಮತ್ತೆ ಹಾಲು ತೆಗೆಯುವ ಕ್ರಮವನ್ನು ರೂಢಿಗೆ ತಂದನು. ರಬ್ಬರು ನೆಡಿರೆಂದು ಈತನು ತೋಟಗಾರರ ಬೆನ್ನು ಹತ್ತುತ್ತಿದ್ದುದನ್ನು ಕಂಡು ಜನರು ಹುಚ್ಚನೆಂದು ನಕ್ಕದ್ದುಂಟು. ಇಂದು ನಮ್ಮ ಗುಡ್ಡಗಳ ರಬ್ಬರ್ ತೋಟದಲ್ಲಿ ಮುಂಜಾನೆ ಕತ್ತಿ ಹಿಡಿದು ಹೋಗುವವರು ಮಾಡುವುದೂ ಅದೇ ಕೆಲಸ. ಆ ಉದ್ಯಾನದಲ್ಲಿ ಅರ್ಧ ದಿನ ಕಳೆದರೆ ಅದು ವ್ಯರ್ಥವಲ್ಲ. ಒಳಗೆ ಹೋಗಲು ಟಿಕೆಟೂ ಇಲ್ಲ, ಆರ್ಕಿಡ್ ಹೂಗಳ ವಿಭಾಗಕ್ಕೆ ಮಾತ್ರ ಶುಲ್ಕ.

ಆರು ದಿನ ಅಥವಾ ಅದಕ್ಕಿಂತ ಹೆಚ್ಚು ಇರುವವರ ಮಾತು ಬೇರೆ. ಅಂಥವರು ಎರಡನೆಯ ನಗರವನ್ನು ಆರಿಸುವಾಗ, "ಮೊದಲನೆಯದರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?" ಎಂದು ಕೇಳಿಕೊಳ್ಳಬೇಕು. ಕುವಾಲಾಲುಂಪುರದ ಜೋಡಿ ಗೋಪುರಗಳು 452 ಮೀಟರು ಎತ್ತರದವು. 1998ರಿಂದ 2004ರವರೆಗೆ ಜಗತ್ತಿನ ಅತ್ಯುನ್ನತ ಕಟ್ಟಡವೆಂಬ ಕೀರ್ತಿ ಅವುಗಳದಾಗಿತ್ತು. ಆದರೆ ಗಗನಚುಂಬಿಗಳನ್ನೂ ಅಂಗಡಿ ಸಾಲುಗಳನ್ನೂ ನಾಲ್ಕು ದಿನ ಸಿಂಗಾಪುರದಲ್ಲಿ ನೋಡಿದ ಮಗುವಿಗೆ ಇವು ಅದೇ ಪಾಠದ ಪುನರಾವರ್ತನೆ. ಪಿನಾಂಗ್ ದ್ವೀಪದ ಹೆಸರು ಮಾತ್ರ ಅಡಿಕೆಯ ಸೀಮೆಯವರ ಕಿವಿಯನ್ನು ನಿಮಿರಿಸದಿರದು. ಮಲಯ ಭಾಷೆಯಲ್ಲಿ 'ಪಿನಾಂಗ್' ಎಂದರೆ ಅಡಿಕೆಯೇ. ಆ ರಾಜ್ಯದ ಧ್ವಜದ ನಡುವೆ ನಮ್ಮ ಕಂಗಿನ ಮರವೇ ನಿಂತಿದೆ! ಆದರೇನು, ಅದು ಕುವಾಲಾಲುಂಪುರದಿಂದಲೂ ಮತ್ತೆ 350 ಕಿಲೋಮೀಟರು ಉತ್ತರಕ್ಕಿದೆ. ಹತ್ತು ದಿನ ರಜೆಯುಳ್ಳವರಿಗೆ ಅದು ಇರಲಿ.

ನಾನು ಶಿಫಾರಸು ಮಾಡುವುದು ಮಲಾಕವನ್ನು. ಸಿಂಗಾಪುರದಿಂದ ಸುಮಾರು 240 ಕಿಲೋಮೀಟರು ದೂರದ ಈ ಚಿಕ್ಕ ನಗರ ಸಿಂಗಾಪುರಕ್ಕೆ ಅಣ್ಣನಿದ್ದಂತೆ. ಕ್ರಿ.ಶ. 1400ರ ಸುಮಾರಿಗೆ ಇದನ್ನು ಸ್ಥಾಪಿಸಿದ ಪರಮೇಶ್ವರನೆಂಬ ಅರಸನು ಸಿಂಗಾಪುರವನ್ನು ಬಿಟ್ಟು ಬಂದವನೆಂದು ಇತಿಹಾಸಕಾರರು ಹೇಳುತ್ತಾರೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಮಳೆ ತರುವ ನೈಋತ್ಯ ಮಾರುತವೇ ಭಾರತದ ಹಡಗುಗಳನ್ನು ಈ ಜಲಸಂಧಿಯ ಕಡೆಗೆ ತಳ್ಳುತ್ತಿತ್ತು. ಈಶಾನ್ಯ ಮಾರುತ ಬೀಸತೊಡಗುವವರೆಗೆ ಅವು ಮರಳುವಂತಿರಲಿಲ್ಲ. ಅತ್ತ ಚೀನದಿಂದ ಬಂದವರಿಗೂ ಇದೇ ಕಟ್ಟಳೆ. ತಿಂಗಳುಗಟ್ಟಲೆ ಕಾಯುವವರಿಗೆ ಒಂದು ಸುರಕ್ಷಿತ ರೇವು ಬೇಕಾಗಿತ್ತು. ಗುಜರಾತಿನವರೂ ತಮಿಳರೂ ಚೀನೀಯರೂ ಅಲ್ಲಿ ಬೀಡುಬಿಟ್ಟು ಮಲಾಕ ಬೆಳೆಯಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಆಲ್ಬುಕರ್ಕನು ಮರುವರ್ಷವೇ ಮಲಾಕವನ್ನೂ ಹಿಡಿದನು. 1641ರಲ್ಲಿ ಅದು ಡಚ್ಚರ ಪಾಲಾಯಿತು, 1824ರ ಒಪ್ಪಂದದಿಂದ ಇಂಗ್ಲಿಷರದಾಯಿತು. ಅಷ್ಟರಲ್ಲಿ, 1819ರಲ್ಲಿ ರಾಫಲ್ಸನು ಸಿಂಗಾಪುರದಲ್ಲಿ ಸುಂಕವಿಲ್ಲದ ಬಂದರವನ್ನು ತೆರೆದಿದ್ದರಿಂದ ವ್ಯಾಪಾರವೆಲ್ಲ ಅತ್ತ ಸರಿಯಿತು. ವ್ಯಾಪಾರ ಹೋದುದರಿಂದಲೇ ಮಲಾಕದ ಹಳೆಯ ಬೀದಿಗಳು ಉಳಿದವು. 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಪೋರ್ಚುಗೀಸರ ಕೋಟೆಯಲ್ಲಿ ಒಂದು ಹೆಬ್ಬಾಗಿಲು ಮಾತ್ರ ಉಳಿದಿದೆ; ಡಚ್ಚರ ಕೆಂಪು ಸೌಧ ಈಗಲೂ ನಿಂತಿದೆ.

ಅಲ್ಲಿಯ ಅಕ್ಕಸಾಲಿಗರ ಬೀದಿಯಲ್ಲಿ 1781ರ ವಿನಾಯಕ ದೇವಾಲಯವೊಂದುಂಟು. ಅದು ಚಿಟ್ಟಿ ಎಂಬ ಜನಾಂಗದವರದು. ಸುಲ್ತಾನರ ಕಾಲದಲ್ಲಿ ಬಂದು, ಅಲ್ಲಿಯ ಸ್ತ್ರೀಯರನ್ನು ಮದುವೆಯಾಗಿ ನೆಲೆಸಿದ ತಮಿಳು ವರ್ತಕರ ಸಂತತಿ ಇವರು. ಇವರ ಮನೆಮಾತು ಮಲಯ. ಉಡುಗೆ ಅಲ್ಲಿಯ ರೀತಿಯದು. ಆದರೆ ಪೊಂಗಲ್, ದೀಪಾವಳಿ, ಹಿರಿಯರ ಪೂಜೆ ಯಾವುದನ್ನೂ ಬಿಟ್ಟಿಲ್ಲ. ಮಾತು ಹೋಯಿತು, ನಡೆ ಉಳಿಯಿತು. ಇತ್ತ ಸಿಂಗಾಪುರದಲ್ಲಿ ತಮಿಳು ನಾಲ್ಕು ರಾಜ್ಯಭಾಷೆಗಳಲ್ಲೊಂದು. ಇಂಗ್ಲಿಷು, ಮಲಯ, ಚೀನೀ ಭಾಷೆಗಳೊಡನೆ ರೈಲು ನಿಲ್ದಾಣದ ಫಲಕದಲ್ಲೂ ಅದನ್ನು ಕಾಣಬಹುದು, ಶಾಲೆಯಲ್ಲೂ ಕಲಿಸುತ್ತಾರೆ. ಒಂದೇ ಭಾಷೆಯ ಜನ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಬದುಕಿದುದನ್ನು ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದುವ ಹುಡುಗ ಹುಡುಗಿಯರು ಕಣ್ಣಾರೆ ಕಂಡರೆ, ಮನೆಗೆ ಬಂದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಹಿರಿಯರಿಗೆ ಅಷ್ಟು ಸುಲಭವಾಗಲಾರದು. ಒಂದು ನಗರವನ್ನು ಮಾತ್ರ ನೋಡಿದವರಿಗೆ ಈ ಹೋಲಿಕೆ ದೊರಕುವುದಿಲ್ಲ. ಮಲಯ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದರಿಂದ ಮಕ್ಕಳು ಬೀದಿಯ ಫಲಕಗಳನ್ನು ಓದಬಲ್ಲರು: 'ಗುರು' ಎಂದರೆ ಶಿಕ್ಷಕ, 'ಬಹಾಸ' ಎಂದರೆ ಭಾಷೆ, 'ಬುಮಿ' ಎಂದರೆ ಭೂಮಿ, 'ಕೆಡಾಯ್' ಎಂದರೆ ಅಂಗಡಿ. ಕೊನೆಯದು ತಮಿಳಿನಿಂದ ಹೋದ ಮಾತು. ಮಲೆಯಾಳವನ್ನು ಬಲ್ಲ ನಮ್ಮ ಮಕ್ಕಳಿಗೆ ಅದನ್ನು ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಮಲಾಕದ ಇನ್ನೊಂದು ಅನುಕೂಲ ಅದರ ಸ್ಥಾನ. ಅದು ಸಿಂಗಾಪುರಕ್ಕೂ ಕುವಾಲಾಲುಂಪುರಕ್ಕೂ ನಡುವೆ ಇದೆ. ಕುವಾಲಾಲುಂಪುರದ ವಿಮಾನ ನಿಲ್ದಾಣ ನಗರದ ದಕ್ಷಿಣಕ್ಕಿರುವುದರಿಂದ ಮಲಾಕದಿಂದ ಅಲ್ಲಿಗೆ ನೇರ ಬಸ್ಸಿನಲ್ಲಿ ಎರಡು ಗಂಟೆಯ ಸುಮಾರು. ಆದುದರಿಂದ ಟಿಕೆಟು ತೆಗೆಯುವಾಗಲೇ, ಹೋಗುವುದು ಸಿಂಗಾಪುರಕ್ಕೆ, ಬರುವುದು ಕುವಾಲಾಲುಂಪುರದಿಂದ ಎಂದು ತೆಗೆಯತಕ್ಕದ್ದು. ಬೆಂಗಳೂರಿಗೂ ಕೊಚ್ಚಿಗೂ ಎರಡು ಕಡೆಗಳಿಂದಲೂ ನೇರ ವಿಮಾನಗಳುಂಟು. ನಾಲ್ಕು ದಿನ ಸಿಂಗಾಪುರ, ಎರಡು ರಾತ್ರಿ ಮಲಾಕ; ಇಟ್ಟ ಹೆಜ್ಜೆಯನ್ನು ಹಿಂದಿಡಬೇಕಾಗಿಲ್ಲ. ಮಲಾಕದಲ್ಲಿ ವಸತಿ, ಊಟ ಎರಡೂ ಸಿಂಗಾಪುರಕ್ಕಿಂತ ಅಗ್ಗವಾದುದರಿಂದ ಬಸ್ಸಿನ ಖರ್ಚು ಬಹುಮಟ್ಟಿಗೆ ಅಲ್ಲಿಯೇ ತುಂಬಿಬರುತ್ತದೆ.

ಬಸ್ಸು ಜೊಹೋರ್ ಜಲಸಂಧಿಯ ಮೇಲೆ 1924ರಲ್ಲಿ ತೆರೆದ ಒಂದು ಕಿಲೋಮೀಟರು ಉದ್ದದ ಕಟ್ಟೆಯನ್ನೋ, ಪಶ್ಚಿಮಕ್ಕಿರುವ ಎರಡನೆಯ ಸೇತುವೆಯನ್ನೋ ದಾಟಿ ಹೋಗುತ್ತದೆ. ಈಚೆ ಒಮ್ಮೆ, ಆಚೆ ಒಮ್ಮೆ ಎಲ್ಲರೂ ಇಳಿದು ತಪಾಸಣೆಗೆ ನಿಲ್ಲಬೇಕು. ಮಲೇಶಿಯದ ಕಡೆಯಲ್ಲಿ ಪೆಟ್ಟಿಗೆಗಳನ್ನೂ ಇಳಿಸಿಕೊಳ್ಳಬೇಕು. ಇಳಿಯುವ ಮೊದಲು ಬಸ್ಸಿನ ಸಂಖ್ಯೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ಲೇಸು, ಏಕೆಂದರೆ ಒಂದೇ ಬಣ್ಣದ ಹತ್ತು ಬಸ್ಸುಗಳು ಅಲ್ಲಿ ನಿಂತಿರುತ್ತವೆ. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ, ಸಿಂಗಾಪುರದ ಶಾಲೆಗಳಿಗೆ ರಜೆ ಬಿಡುವ ದಿನ ಇವುಗಳನ್ನು ಬಿಟ್ಟು, ವಾರದ ನಡುವೆ ಗಡಿ ದಾಟತಕ್ಕದ್ದು.

ಕಾಗದಪತ್ರಗಳ ವಿಷಯ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕೇ ಬೇಕು. ಮಲೇಶಿಯ ಸರಕಾರವು 2023ರ ಡಿಸೆಂಬರ್ 1ರಿಂದ 30 ದಿನಗಳವರೆಗಿನ ಭೇಟಿಗೆ ನಮಗೆ ವೀಸಾ ವಿನಾಯಿತಿ ಕೊಟ್ಟು, ಅದನ್ನು 2026ರ ಕೊನೆಯವರೆಗೆ ವಿಸ್ತರಿಸಿದೆ. ಇಂಥ ವಿನಾಯಿತಿಗಳಿಗೆ ಗಡುವು ಇರುವುದರಿಂದ ಟಿಕೆಟಿಗೆ ಹಣ ಕೊಡುವ ಮೊದಲು ಒಮ್ಮೆ ವಿಚಾರಿಸತಕ್ಕದ್ದು. ಎರಡು ದೇಶಗಳಿಗೂ ಪ್ರವೇಶಿಸುವ ಮುಂಚಿನ ಮೂರು ದಿನಗಳೊಳಗೆ ಆಗಮನ ಪತ್ರವನ್ನು ಅಂತರ್ಜಾಲದ ಮೂಲಕ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅಜ್ಜಿಯ ಔಷಧಿಗಳ ಜತೆ ವೈದ್ಯರ ಚೀಟಿ ಇರಲಿ. ತಾಂಬೂಲದ ಅಭ್ಯಾಸವುಳ್ಳ ಅಜ್ಜಂದಿರಿಗೆ ಒಂದು ಮಾತು ಮೊದಲೇ ತಿಳಿಸಿಡಬೇಕು: ಜಗಿಯುವ ಹೊಗೆಸೊಪ್ಪನ್ನು 2016ರಿಂದ ಸಿಂಗಾಪುರದಲ್ಲಿ ನಿಷೇಧಿಸಿದ್ದಾರೆ. ಚೀಲದ ಮೂಲೆಯಲ್ಲಿ ಒಂದು ಎಸಳು ಮರೆತಿದ್ದರೂ ಸುಂಕದವರು ಅದನ್ನು ಮರೆಯುವವರಲ್ಲ.